ತಿದ್ದದೆ ಬಿಟ್ಟ ಅಕ್ಷರ

ಭಾನುವಾರ, ಮಾರ್ಚ್ ೯

ಮುದ್ದು ಮರೀ,

ಹೇಗಿದ್ದೀಯ? ನೀನು ಹೊಸ ವಿಳಾಸ ಕಳಿಸಿ ನಾಲ್ಕು ತಿಂಗಳಾಯಿತು. ಇಷ್ಟು ತಡಮಾಡಿದ್ದಕ್ಕೆ ಬೈದುಕೋ, ಆದರೆ ಕಾಗದ ಓದುವುದನ್ನು ನಿಲ್ಲಿಸಬೇಡ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಮೊದಲ ಸಾಲನ್ನೇ ತಿದ್ದಿ ತಿದ್ದಿ ಹಾಳೆ ಹರಿದೆ. ಈ ಸಲ ಬಂದದ್ದು ಬಂದ ಹಾಗೆ ಬರೆದು ಅಂಚೆಗೆ ಹಾಕುವುದೆಂದು ಗಟ್ಟಿಮನಸ್ಸು ಮಾಡಿದ್ದೇನೆ.

ನಾನು ಆರೋಗ್ಯವಾಗಿದ್ದೇನೆ. ಮೆಟ್ಟಿಲು ಕಂಡಾಗ ಮಾತ್ರ ಮಂಡಿಗೆ ತನ್ನ ನೋವು ಜ್ಞಾಪಕಕ್ಕೆ ಬರುತ್ತದೆ. ಪ್ರೆಸ್ಸಿನಲ್ಲಿ ಈಗ ಅರ್ಧ ದಿನದ ಕೆಲಸ. "ಇನ್ಮೇಲೆ ತಪ್ಪನ್ನ ಕಂಪ್ಯೂಟರೇ ಹಿಡಿಯುತ್ತಮ್ಮ, ನೀವು ಬೆಳಗ್ಗೆ ಬಂದು ಒಂದು ಸಲ ಕಣ್ಣಾಡಿಸಿ ಹೋದ್ರೆ ಸಾಕು" ಅಂದರು ಮ್ಯಾನೇಜರು. ಇಪ್ಪತ್ತೆಂಟು ವರ್ಷ ಕರಡು ತಿದ್ದಿದವಳು ನಾನು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಸುಮ್ಮನೆ ತಲೆ ಆಡಿಸಿ ಬಂದೆ.

ಈಗ ಮುಖ್ಯ ಸುದ್ದಿ. ನಗಬೇಡ. ಹಾಗೆ ಬಿಡುವಾದ ಮಧ್ಯಾಹ್ನಗಳಲ್ಲಿ ನಾನು ಕಾಲೇಜಿಗೆ ಹೋಗುತ್ತಿದ್ದೇನೆ. ನಿನ್ನ ಕಾಲೇಜಿಗೇ, ನಿನ್ನ ವಿಭಾಗಕ್ಕೇ. ವಯಸ್ಸಿನ ಮಿತಿಯಿಲ್ಲದ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಶುರುವಾಗಿದೆ: ಪ್ರೋಗ್ರಾಮಿಂಗ್ ಮತ್ತು ಡಿಜಿಟಲ್ ವಿನ್ಯಾಸ. "ಈ ವಯಸ್ಸಲ್ಲಿ ಯಾಕಮ್ಮಾ?" ಅಂತ ಅರ್ಜಿ ತೆಗೆದುಕೊಂಡ ಗುಮಾಸ್ತರು ಕೇಳಿದರು. ಏನೋ ಹೇಳಿ ತೇಲಿಸಿದೆ. ಎರಡೂವರೆ ವರ್ಷ ಆ ಪರದೆಯ ಮುಂದೆ ಕೂತು ನೀನು ಏನು ಮಾಡುತ್ತಿದ್ದೆ, ಅರ್ಧಕ್ಕೇ ಯಾಕೆ ಎದ್ದುಹೋದೆ ಅನ್ನುವುದು ನನಗೆ ತಿಳಿಯಬೇಕಿತ್ತು. ನಿನ್ನನ್ನು ಕೇಳಿದರೆ "ಚೆನ್ನಾಗಿದ್ದೀನಮ್ಮ" ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ.

ಮೊದಲ ವಾರ ತಲೆಬುಡ ತಿಳಿಯಲಿಲ್ಲ. ಪ್ರೋಗ್ರಾಮಿಂಗ್ ಮೇಷ್ಟ್ರು ಬಂಡಿ ತಪ್ಪಿಹೋಗುತ್ತದೆ ಅನ್ನುವವರ ಹಾಗೆ ಮಾತಾಡುತ್ತಾರೆ. ಸಮ ಚಿಹ್ನೆ ಹಾಕಿದರೆ ಸಮ ಅಂತ ಅರ್ಥವಲ್ಲವಂತೆ, ಬಲಗಡೆ ಇರುವುದನ್ನು ಎಡಗಡೆಯ ಡಬ್ಬಿಗೆ ತುಂಬು ಅಂತಂತೆ. ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದಂತೆ. "ಹಾಗಾದ್ರೆ ಮೊದಲನೇದು ಯಾವುದು ಸಾರ್?" ಅಂದೆ. "ಸೊನ್ನೆಯದೇ ಮೊದಲನೇದು" ಅಂದರು. ತರಗತಿಯೆಲ್ಲ ತಲೆಯಾಡಿಸಿತು. ನಾನೊಬ್ಬಳೇ ಬೆಪ್ಪಾಗಿ ಕೂತೆ.

ಒಂದು ಚುಕ್ಕೆ ತಪ್ಪಿದರೂ ಎಲ್ಲ ನಿಂತುಹೋಗುತ್ತೆ ಅನ್ನುತ್ತಾರೆ ಮೇಷ್ಟ್ರು. ಮುಂದಿನ ಗಂಟೆಗೆ ಡಿಸೈನ್ ಮೇಡಂ ಬಂದು, "ತಪ್ಪು ಮಾಡಿ, ಧೈರ್ಯವಾಗಿ ಮಾಡಿ" ಅನ್ನುತ್ತಾರೆ. ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬರಬಾರದೇ ಅನ್ನಿಸುತ್ತದೆ.

ಆದರೆ ಒಂದು ದಿನ ನನ್ನ ಮಾನ ಉಳಿಯಿತು. ಪಕ್ಕದ ಹೆಡ್‌ಫೋನ್ ಹುಡುಗಿ ತನ್ನ ಪ್ರೋಗ್ರಾಂ ಓಡುತ್ತಿಲ್ಲವೆಂದು ಒಂದು ಗಂಟೆಯಿಂದ ಉಗುರು ಕಚ್ಚುತ್ತಿದ್ದಳು. ಬಗ್ಗಿ ನೋಡಿದೆ. "ಹದಿನೇಳನೇ ಸಾಲಲ್ಲಿ ಅರ್ಧವಿರಾಮ ಬಿಟ್ಟುಹೋಗಿದೆ ನೋಡಮ್ಮ" ಅಂದೆ. ಹಾಕಿದಳು, ಓಡಿತು.

"ಆಂಟಿ, ನಿಮಗೆ ಕೋಡ್ ಬರುತ್ತಾ?"

"ಒಂದಕ್ಷರ ಬರಲ್ಲ ಕಣೇ. ಇರಬೇಕಾದ್ದು ಇಲ್ಲದಿದ್ರೆ ಕಣ್ಣಿಗೆ ಚುಚ್ಚುತ್ತೆ, ಅಷ್ಟೆ."

ಅಂದಿನಿಂದ ನಾನು ಪ್ರೂಫ್ ಆಂಟಿ. ತಪ್ಪು ಹುಡುಕಿಸಿಕೊಳ್ಳಲು ನನ್ನ ಮೇಜಿಗೆ ಸಾಲು ನಿಲ್ಲುತ್ತಾರೆ. ಹುಡುಕಿಕೊಡುತ್ತೇನೆ. ಆ ಪ್ರೋಗ್ರಾಂ ಏನು ಮಾಡುತ್ತದೆ ಎಂಬುದು ಮಾತ್ರ ದೇವರಾಣೆಗೂ ಗೊತ್ತಾಗುವುದಿಲ್ಲ.

ಹೋದ ತಿಂಗಳು ಮೇಡಂ ಒಬ್ಬ ಮನುಷ್ಯನನ್ನು ನಡೆಸಿಕೊಂಡು ಬನ್ನಿ ಅಂದರು. ಎರಡು ಹೆಜ್ಜೆಗೆ ಹನ್ನೆರಡು ಚಿತ್ರ ಬರೆದು ಸಾಲಾಗಿ ಓಡಿಸಿದರೆ ಅವನು ಪರದೆಯ ಮೇಲೆ ನಡೆಯಬೇಕು. ನನ್ನ ಮನುಷ್ಯ ಕತ್ತಲಲ್ಲಿ ಚಪ್ಪಲಿ ಹುಡುಕುವವನ ಹಾಗೆ ನಡೆದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಮೇಡಂ, "ನಡಿಗೆ ಅಂದ್ರೆ ಏನು ಅಂತ ತೋರಿಸ್ತೀನಿ, ನೋಡಿ" ಅಂತ ದೊಡ್ಡ ಪರದೆಯ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬಳ ಕೆಲಸ ಹಾಕಿದರು.

ಅದು ನಿನ್ನದು.

ಎಡಭುಜ ಸ್ವಲ್ಪ ಇಳಿಬಿಟ್ಟ ಆ ಮನುಷ್ಯ ಬಾಗಿಲು ದಾಟುತ್ತಾನೆ, ಜೇಬು ತಟ್ಟಿಕೊಳ್ಳುತ್ತಾನೆ, ಒಂದು ಸಲ ಹಿಂದಿರುಗಿ ನೋಡಿ ಹೊರಟುಬಿಡುತ್ತಾನೆ. ಕೊನೆಗೆ ಖಾಲಿ ಬಾಗಿಲ ಮೇಲೆ ಒಂದು ಸಾಲು: "ಇವರು ಈಗ ತಾನೇ ಹೋರಟರು." ಹೆಡ್‌ಫೋನ್ ಹುಡುಗಿ ಮೂಗು ಒರೆಸಿಕೊಂಡಳು.

"ಮೂರನೇ ವರ್ಷ ಅರ್ಧಕ್ಕೇ ಬಿಟ್ಟುಹೋದಳು. ಇಷ್ಟು ಒಳ್ಳೇ ಕೈ ನಾನು ನೋಡಿಲ್ಲ" ಅಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಮಾರ್ಚ್ ಇಪ್ಪತ್ತನಾಲ್ಕಕ್ಕೆ ಪ್ರದರ್ಶನ ಇದೆ. ಕೊನೇ ಸಾಲಲ್ಲಿ ಒಂದು ದೀರ್ಘ ಜಾಸ್ತಿಯಾಗಿದೆ ನೋಡಿ, ನೀವೇ ಸರಿಮಾಡಿಬಿಡಿ" ಅಂತ ಫೈಲು ತೆರೆದುಕೊಟ್ಟರು.

ಕೂತೆ. ಒಂದು ಅಕ್ಷರ ಅಳಿಸಿ ಇನ್ನೊಂದು ಒತ್ತಿದರೆ ಮುಗಿಯಿತು. ಕೀಲಿಯ ಮೇಲೆ ಬೆರಳಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಮೇಡಂ ಬಂದು, "ಏನಾಯ್ತು? ಕೀಬೋರ್ಡ್ ಕೆಲಸ ಮಾಡ್ತಿಲ್ವಾ?" ಅಂದರು.

"ಮಾಡಿದವಳನ್ನ ಕೇಳದೆ ನಾನು ಇದನ್ನ ಮುಟ್ಟಲ್ಲ ಮೇಡಂ. ಇವಳು ನನ್ನ ಮಗಳು."

ಅವರು ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. "ಹಾಗಾದ್ರೆ ನೀವೇ ಕೇಳಿ" ಅಂದರು.

ಅದಕ್ಕೇ ಈ ಕಾಗದ. ಸರಿಮಾಡಲೋ, ಹಾಗೇ ಬಿಡಲೋ? ತಪ್ಪು ಕಂಡೂ ಬಿಟ್ಟದ್ದು ನನ್ನ ಜನ್ಮದಲ್ಲೇ ಇದು ಮೊದಲು. ಹಾಗೆ ಬಿಟ್ಟದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ. ಪರೀಕ್ಷೆಗೆ ಕೂರಬೇಕೇ, ಬಿಟ್ಟುಬಿಡಬೇಕೇ ಎಂಬುದೂ ಗೊತ್ತಾಗುತ್ತಿಲ್ಲ. ಈಗೀಗ ಆ ಸೊನ್ನೆಯ ಲೆಕ್ಕ ಸ್ವಲ್ಪ ತಲೆಗೆ ಹತ್ತುತ್ತಿದೆ, ಅಷ್ಟರಲ್ಲಿ ಬಿಡಲೂ ಮನಸ್ಸಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಿನ್ನ ಕೈಗೆ ಮೆಚ್ಚಿನ ಕೆಲಸ ಸಿಗಲಿ, ಮನಸ್ಸು ಹಗುರವಾಗಿರಲಿ, ನನ್ನ ಆಯಸ್ಸಿನಲ್ಲಿ ಒಂದು ಪಾಲು ನಿನಗೂ ಸೇರಲಿ.

ನಿನ್ನ
ಅಮ್ಮ

ವಿ.ಸೂ.: ಆ ಚಿತ್ರವನ್ನು ನಾನು ಮೊದಲು ನೋಡಿದ್ದು ತರಗತಿಯಲ್ಲಲ್ಲ, ಅದು ನಿನಗೂ ಗೊತ್ತು. ಅಪ್ಪ ತೀರಿಕೊಂಡ ಆರನೇ ತಿಂಗಳು ಅದನ್ನು ನೀನು ಅಡುಗೆಮನೆಗೇ ತಂದು ತೋರಿಸಿದೆ. ಎರಡನೇ ಹೆಜ್ಜೆಗೇ ಅವರೆಂದು ಗುರುತು ಸಿಕ್ಕಿತು. ನೋಡಲಾಗಲಿಲ್ಲ ಮರೀ. ಕಣ್ಣನ್ನು ಅಕ್ಷರಗಳ ಕಡೆ ತಿರುಗಿಸಿದೆ. ಅಲ್ಲಿ ಒಂದು ತಪ್ಪು ಸಿಕ್ಕಿತು. ಸಿಕ್ಕಿದ್ದಕ್ಕೆ ಜೀವ ಬಂದ ಹಾಗಾಯಿತು. "ಹೋರಟರು ಅಲ್ಲ, ಹೊರಟರು" ಅಂದೆ. ಬೇರೆ ಏನೂ ಹೇಳಲಿಲ್ಲ. "ಸರಿಮಾಡ್ತೀನಮ್ಮ" ಅಂತ ನೀನು ಲ್ಯಾಪ್ಟಾಪ್ ಮುಚ್ಚಿ ಎತ್ತಿಕೊಂಡು ಹೋದೆ. ಅದಾಗಿ ಹನ್ನೊಂದು ದಿನಕ್ಕೆ ಕಾಲೇಜು ಬಿಟ್ಟೆ. ಅದಕ್ಕೇ ಬಿಟ್ಟೆಯೋ, ಬೇರೇನಕ್ಕೋ, ಇವತ್ತಿಗೂ ನನಗೆ ತಿಳಿಯದು. ಅಂದು ಹೇಳಬೇಕಾಗಿದ್ದದ್ದು ಇದು: ತುಂಬಾ ಚೆನ್ನಾಗಿದೆ. ಅವರು ಹಾಗೇ ನಡೆಯುತ್ತಿದ್ದರು.