ಉಸಿರಿನ ಕಳ್ಳಲೆಕ್ಕ

ಮನೆಯಿಂದ,
ಭಾನುವಾರ, ರಾತ್ರಿ ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ? ನಿನ್ನ ಹಾಸ್ಟೆಲಿನ ಹುಡುಗಿಯರು ಹೇಳಿದ ಮಾತು ಕೇಳುತ್ತಾರೋ, ಇಲ್ಲಾ ವಾರ್ಡನ್ನಮ್ಮನ ತಲೆ ತಿನ್ನುತ್ತಾರೋ? ಅವರನ್ನು ನೋಡಿಕೊಳ್ಳುವ ಭರದಲ್ಲಿ ನೀನು ಊಟ ತಪ್ಪಿಸಬೇಡ. ನಾವಿಲ್ಲಿ ಇದ್ದೇವೆ. ಹೇಗಿದ್ದೇವೆ ಎಂಬುದನ್ನು ಮುಂದೆ ಓದು. ಫೋನು ಇರುವಾಗ ಅಪ್ಪ ಯಾಕೆ ಕಾಗದ ಬರೆದ ಎಂದು ಹುಬ್ಬೇರಿಸಬೇಡ. ಮಾತಾಡಲು ಉಸಿರು ಬೇಕು, ಬರೆಯಲು ಅಷ್ಟು ಬೇಡ. ಅದೂ ಅಲ್ಲದೆ ನಾನು ಫೋನ್ ಹಿಡಿದರೆ ಸಾಕು, ನಿನ್ನ ಅಮ್ಮ ಬಾಗಿಲು ಒರೆಸುವ ನೆಪದಲ್ಲಿ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. ಆ ಬಾಗಿಲು ಈಗ ಕನ್ನಡಿಯ ಹಾಗೆ ಹೊಳೆಯುತ್ತಿದೆ.

ನೀನು ಅಷ್ಟೆಲ್ಲ ಓಡಾಡಿ, ಕಂಡವರ ಕೈಕಾಲು ಹಿಡಿದು ಆಸ್ಪತ್ರೆಯಿಂದ ಕೊಡಿಸಿದೆಯಲ್ಲ, ಆ ಆಮ್ಲಜನಕದ ಯಂತ್ರ ನನ್ನ ಮಂಚದ ಪಕ್ಕದಲ್ಲೇ ಗುಂಯ್‌ಗುಡುತ್ತಿದೆ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ನನ್ನ ಮೂಗಿನ ನಳಿಕೆಗೆ ಕಳಿಸುತ್ತದಂತೆ. ಬೇಜಾರು ಮಾಡಿಕೊಳ್ಳಬೇಡ, ಮೊದಲ ದಿನದಿಂದಲೂ ಅದರ ಮೇಲೆ ನನಗೆ ನಂಬಿಕೆಯಿಲ್ಲ. ನಮ್ಮ ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಿಂಜುವ ಯಂತ್ರದ ಜೊತೆ ಬಾಳಿದವನು ನಾನು. ಅದರೊಳಗೆ ಏನು ಹೋಯಿತು, ಏನು ಬಂತು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಇದರೊಳಗೆ ಗಾಳಿ ಹೋಗಿ ಗಾಳಿಯೇ ಬರುತ್ತದೆ! ಜನರಿಗೆ ಟೋಪಿ ಹಾಕಲು ಇದಕ್ಕಿಂತ ಸುಲಭದ ದಾರಿ ಇದೆಯೇ? ಸಾಲದ್ದಕ್ಕೆ ಅದರ ಹೊಟ್ಟೆಯಲ್ಲೊಂದು ಸಿಮ್ ಕಾರ್ಡು. ದಿನಕ್ಕೆ ಎಷ್ಟು ಹೊತ್ತು, ಯಾವ ಯಾವ ಹೊತ್ತಿನಲ್ಲಿ ನಳಿಕೆಯಲ್ಲಿ ಉಸಿರಾಡಿದರು ಎಂದು ದೊಡ್ಡ ಆಸ್ಪತ್ರೆಗೆ ಚಾಡಿ ಹೇಳುತ್ತದೆ. ‘ಡಾಕ್ಟರು ಅಲ್ಲಿ ಕೂತ್ಕೊಂಡೇ ನಿಮ್ಮನ್ನ ನೋಡ್ತಿರ್ತಾರೆ ತಾತಾ’ ಎಂದ, ಯಂತ್ರ ಜೋಡಿಸಲು ಬಂದವನು. ಆವತ್ತಿನಿಂದ ಅದರ ಎದುರು ಅಂಗಿ ಬದಲಿಸುವುದನ್ನೂ ಬಿಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಆಸ್ಪತ್ರೆಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ‘ಶಭಾಷ್ ತಾತಾ! ಮಧ್ಯಾಹ್ನಾನೂ ತಪ್ಪದೆ ಹಾಕ್ಕೋತಿದ್ದೀರಿ, ಹೀಗೇ ಇರ್ಲಿ’ ಎಂದು ಹೊಗಳಿದಳು. ನನ್ನ ಕಿವಿ ನೆಟ್ಟಗಾಯಿತು. ಊಟವಾದ ಮೇಲೆ ನಾನು ಯಂತ್ರ ಆರಿಸಿ, ಗೋಡೆ ಹಿಡಿದುಕೊಂಡು ಹೋಗಿ ಮೂಲೆಯ ಕ್ಷೌರದಂಗಡಿಯಲ್ಲಿ ಪೇಪರ್ ಓದುತ್ತಾ ಕೂರುವವನು. ಇದು ನಮ್ಮ ಬೀದಿಯ ನಾಯಿಗೂ ಗೊತ್ತು. ಹಾಗಾದರೆ ಮಧ್ಯಾಹ್ನ ಉಸಿರಾಡುವವರು ಯಾರು? ಯಂತ್ರ ಮಾಡಿದವರು ಡಾಕ್ಟರನ್ನು ಮೆಚ್ಚಿಸಲು ಕಳ್ಳಲೆಕ್ಕ ಬರೆಸುತ್ತಿದ್ದಾರೆ ಎಂದುಕೊಂಡೆ. ಜೋಡಿಸಿದವನನ್ನು ಕರೆಸಿ ಜಾಡಿಸಿದೆ. ಅವನು ಮುಖ ಊದಿಸಿಕೊಂಡು ಹಿಂದಿನ ಮುಚ್ಚಳ ಬಿಚ್ಚಿ, ಧೂಳು ಕೊಡವಿ, ಏನೇನೋ ಒತ್ತಿ ನೋಡಿ, ಸರಿಯಾಗಿಯೇ ಇದೆ ಎಂದು ಹೇಳಿ ಹೋದ. ಆಮೇಲೆ ನನ್ನ ಅನುಮಾನ ನಿನ್ನ ಸೋದರಮಾವನ ಮೇಲೆ ತಿರುಗಿತು. ನಾನಿಲ್ಲದ ಹೊತ್ತು ನೋಡಿಕೊಂಡೇ ಅಕ್ಕನ ಮನೆಗೆ ಬರುವವನು ಅವನು. ಬಾಯಲ್ಲಿ ಸಿಗರೇಟು, ಎದೆಯಲ್ಲಿ ಕೆಮ್ಮು. ಪುಕ್ಕಟೆ ಸಿಕ್ಕಿದರೆ ಪಕ್ಕದವರ ಉಸಿರನ್ನೂ ಬಿಡುವವನಲ್ಲ. ನಿನ್ನ ಅಮ್ಮನನ್ನು ಕೇಳಿದರೆ, ‘ಅಯ್ಯೋ ಬಿಡೀಂದ್ರೆ, ಆ ಯಂತ್ರಕ್ಕೂ ನಿಮ್ಮ ಹಾಗೆ ಅರಳುಮರಳು’ ಎಂದಳು. ಆದರೆ ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಸೂಜಿಗೆ ದಾರ ಪೋಣಿಸಲು ಹೋಗಿ ಮತ್ತೆ ಮತ್ತೆ ತಪ್ಪಿದಳು. ಹಾಸಿಗೆ ಹೊಲಿದೇ ಬೆರಳು ಸವೆಸಿದವಳಿಗೆ ದಾರ ಪೋಣಿಸಲು ಬರಲಿಲ್ಲವೆಂದರೆ ಅಕ್ಕತಮ್ಮ ಸೇರಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಖಾತ್ರಿಯಾಯಿತು.

ಒಂದು ಮಧ್ಯಾಹ್ನ ಎಂದಿನ ಹಾಗೆ ಹೊರಟವನು ಅರ್ಧ ದಾರಿಯಲ್ಲೇ ತಿರುಗಿ ಹಿತ್ತಿಲ ಬಾಗಿಲಿಗೆ ಬಂದೆ. ನನ್ನಂಥವನು ಕಳ್ಳರನ್ನು ಹಿಡಿಯುವುದು ಹೇಗೆ ಹೇಳು, ನನ್ನ ಏದುಸಿರು ಆಚೆ ಬೀದಿಗೂ ಕೇಳುತ್ತದೆ. ಯಂತ್ರದ ಗುಂಯ್ ಸದ್ದೇ ನನ್ನನ್ನು ಕಾಪಾಡಿತು. ಮೈದುನನ ಕೊರಳಪಟ್ಟಿ ಹಿಡಿಯಲು ಕೈ ಮುಂದೆ ಮಾಡಿಕೊಂಡೇ ಕೋಣೆಗೆ ಇಣುಕಿದೆ. ಅಲ್ಲಿ ಅವನಿರಲಿಲ್ಲ. ನನ್ನ ಮಂಚದ ಅಂಚಿನಲ್ಲಿ ನಿನ್ನ ಅಮ್ಮ ಕೂತಿದ್ದಳು. ನಳಿಕೆ ಅವಳ ಮೂಗಿನಲ್ಲಿತ್ತು. ಕಣ್ಣು ಮುಚ್ಚಿ, ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹಾಗೆ ಕೂರುವುದು ಯಾರು, ಯಾಕೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಾ ಬೆಳಿಗ್ಗೆ ನಾನು ಹಾಗೆಯೇ ಕೂರುತ್ತೇನೆ.

ಸದ್ದು ಮಾಡದೆ ಹಿಂದಕ್ಕೆ ಬಂದೆ. ಹಿತ್ತಿಲ ಕಲ್ಲಿನ ಮೇಲೆ ಕೂತೆ. ನಮ್ಮ ಅಂಗಡಿ ನಿನಗೆ ನೆನಪಿದೆಯಲ್ಲ? ಹಿಂಜಿದ ಹತ್ತಿ ಬೀದಿಗೆ ಹಾರಬಾರದೆಂದು ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ನಾನಾದರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ. ಅವಳು ಹಿಂದಿನ ಮೂಲೆಯಲ್ಲಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ತಲೆಯೆಲ್ಲ ಬೆಳ್ಳಗೆ ಮಾಡಿಕೊಂಡು ಹೊಲಿಯುತ್ತಿದ್ದಳು. ನಾನು ಕೆಮ್ಮಿದಾಗ ಎಕ್ಸ್-ರೇ, ಸ್ಕ್ಯಾನು, ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ನನ್ನ ಶ್ವಾಸಕೋಶ, ಎಲ್ಲ ಆಯಿತು. ಆ ಕೋಣೆಗಳ ಹೊರಗೆ ನನ್ನ ಅಂಗಿ ಹಿಡಿದುಕೊಂಡು ನಿಂತವಳು ಅವಳು. ಅವಳೂ ಕೆಮ್ಮುತ್ತಲೇ ನಿಂತಿದ್ದಳು. ‘ನೀವೂ ಒಳಗೆ ಬನ್ನಿ ತಾಯಿ’ ಎಂದು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಂಚದಲ್ಲಿ ಮಲಗಿದವನೇ ರೋಗಿ, ಪಕ್ಕದಲ್ಲಿ ನಿಂತವಳು ಗಟ್ಟಿ ಎಂದೇ ಎಲ್ಲರ ಲೆಕ್ಕ.

ಅವಳಿಗೆ ಏನೂ ಹೇಳಿಲ್ಲ. ಹೇಳಿದರೆ ಆ ಮಧ್ಯಾಹ್ನದ ಉಸಿರನ್ನೂ ಬಿಟ್ಟುಬಿಡುತ್ತಾಳೆ. ಈಗ ನಾನೇ ಕ್ಷೌರದಂಗಡಿಯಲ್ಲಿ ಆದಷ್ಟು ಹೊತ್ತು ಕೂರುತ್ತೇನೆ. ‘ಏನ್ ಯಜಮಾನ್ರೇ, ಮನೇಲಿ ಜಗಳಾನಾ?’ ಎಂದು ಅಂಗಡಿಯವನು ನಗುತ್ತಾನೆ. ಕೊನೆಕೊನೆಗೆ ನನಗೂ ಕಣ್ಣು ಕತ್ತಲಿಡುತ್ತದೆ, ಆದರೂ ಪೇಪರ್ ಮುಖಕ್ಕೆ ಹಿಡಿದು ಕೂರುತ್ತೇನೆ. ತಡವಾಗಿ ಬಂದರೆ ಅವಳಿಗೆ ನನ್ನ ಮೇಲೆ ಗುಮಾನಿ. ಮತ್ತೆ ಸಿಗರೇಟು ಶುರು ಮಾಡಿದೆನೆಂದು ಅಂಗಿ ಮೂಸಿ ನೋಡುತ್ತಾಳೆ! ಹೀಗೆ ಎಷ್ಟು ದಿನ ನಡೆಸುವುದೋ ತಿಳಿಯುತ್ತಿಲ್ಲ. ಒಂದು ಉಪಾಯ ಯೋಚಿಸಿದ್ದೇನೆ, ನೋಡೋಣ. ನೀನು ಗಾಬರಿಯಾಗಬೇಡ. ಒಳ್ಳೆಯದಾಗಲಿ ಮಗಳೇ, ನಿನ್ನ ಮಕ್ಕಳಂಥ ಆ ಹುಡುಗಿಯರೂ ಚೆನ್ನಾಗಿರಲಿ.

ನಿನ್ನ
ಅಪ್ಪ

ಮತ್ತೆ — ಬುಧವಾರ, ಆಸ್ಪತ್ರೆಯಿಂದ. ಬೇಗ ಬೇಗ ಬರೆಯುತ್ತಿದ್ದೇನೆ, ನಿನ್ನ ಅಮ್ಮ ಮಾತ್ರೆ ತರಲು ಹೋಗಿದ್ದಾಳೆ. ನನ್ನ ತಪಾಸಣೆ ಎಂದು ಸುಳ್ಳು ಹೇಳಿ ಕರೆದುಕೊಂಡು ಬಂದು, ಚೀಟಿ ಬರೆಸುವಲ್ಲಿ ಅವಳ ಹೆಸರು ಕೊಟ್ಟೆ. ಒಳಗಿನಿಂದ ಕೂಗಿದಾಗ ತನ್ನ ಹೆಸರಿನವಳು ಇನ್ಯಾರೋ ಇದ್ದಾಳೆಂದು ಹಿಂದೆ ತಿರುಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ಬೇಡಪ್ಪಾ! ಉಸಿರು ಅಳೆಯುವ ಕೊಳವೆ ಕೊಟ್ಟು ‘ಊದಿ ಅಮ್ಮಾ, ಇನ್ನೂ ಊದಿ’ ಎಂದು ಅವರು ಕೂಗುವುದು ಹೊರಗಿದ್ದ ನನಗೂ ಕೇಳುತ್ತಿತ್ತು. ಅವಳ ಶ್ವಾಸಕೋಶ ನನ್ನದಕ್ಕಿಂತ ಹೆಚ್ಚು ಕೆಟ್ಟಿದೆಯಂತೆ. ಅವಳಿಗೇ ಬೇರೆ ಯಂತ್ರ ಬೇಕು. ಅದಕ್ಕಾಗಿ ಕಾಯುವವರ ಸಾಲು ದೊಡ್ಡದು. ಅಲ್ಲಿಯವರೆಗೆ ಇರುವುದನ್ನೇ ಸರದಿಯಲ್ಲಿ ಹಾಕಿಕೊಳ್ಳಿ, ಹೆಚ್ಚು ಹೊತ್ತು ಅಮ್ಮನಿಗೆ ಕೊಡಿ ಎಂದರು ಡಾಕ್ಟರಮ್ಮ. ‘ಮಗಳಿಗೆ ಹೇಳಿದ್ರೆ ನೋಡಿ, ಕೆಲಸ ಬಿಟ್ಟು ಓಡಿ ಬರ್ತಾಳೆ’ ಎಂದು ನಿನ್ನ ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಆಯಿತು ಎಂದೆ. ಆದರೆ ನನಗೆ ಕಣ್ಣು ಹತ್ತಿದ ಕೂಡಲೇ ಅವಳು ನಳಿಕೆ ತೆಗೆದು ನನ್ನ ಮೂಗಿಗೆ ಸಿಕ್ಕಿಸುತ್ತಾಳೆ, ಇದರಲ್ಲಿ ಅನುಮಾನವೇ ಇಲ್ಲ. ಅವಳು ಮಲಗಿದಾಗ ನಾನೂ ಅದೇ ಕಳ್ಳತನ ಮಾಡುವವನು. ಈ ಮನೆಯಲ್ಲಿ ನಂಬುವಂಥವರು ಒಬ್ಬರೂ ಇಲ್ಲ. ರಜೆ ಹಾಕಿ ಬಾ.