ಹಡಗಿನವರು ಹಾಡಲಿಲ್ಲ

ಫೆಬ್ರವರಿ 3

ಅಂಗಡಿಯಲ್ಲಿ ಇವತ್ತು ಬರೀ ಓದುವ ಕನ್ನಡಕದವರು. ಬೆಳಗಿನಿಂದ ಒಂದೇ ಪ್ರಶ್ನೆ ಕೇಳಿ ಕೇಳಿ ಬಾಯಿ ಒಣಗಿತು. "ಇದು ಚೆನ್ನಾಗಿ ಕಾಣುತ್ತಾ, ಅದಾ?" ಗಾಜು ಬದಲಿಸುವುದು, ಮತ್ತೆ ಅದೇ. ಒಬ್ಬ ಅಜ್ಜ ರೇಗಿಬಿಟ್ಟರು. "ನೀನೇ ಹೇಳಮ್ಮ, ಓದಿದವಳು ನೀನು ತಾನೆ?"

ಊಟದ ಹೊತ್ತಿಗೆ ಫೋನ್ ತೆರೆದರೆ ಅಭಿಮಾನಿಗಳ ಗ್ರೂಪಿನಲ್ಲಿ ಬೆಂಕಿ. ನಾವೆಲ್ಲ ಹುಚ್ಚು ಹಚ್ಚಿಕೊಂಡ ಬ್ಯಾಂಡ್ ಈ ವರ್ಷ ಎಲ್ಲೂ ಹಾಡುವುದಿಲ್ಲವಂತೆ. ಒಂದೇ ಒಂದು ಕಡೆ — ಹಡಗಿನ ಮೇಲೆ. ಸಮುದ್ರದಲ್ಲಿ ತೇಲುತ್ತಾ ಸಂಗೀತೋತ್ಸವ, ಜೊತೆಗೆ ಈಜುಕೊಳ, ಮಸಾಜು. ಟಿಕೆಟ್ ದರ ನೋಡಿ ಸೊನ್ನೆ ತಪ್ಪಿ ಬಿದ್ದಿದೆ ಅಂದುಕೊಂಡೆ. ತಪ್ಪಿರಲಿಲ್ಲ.

ಕೊನೆಗೆ ಉದ್ದನೂ ಮಾರಾಟವಾದ. ಹಾಡುವವನಿಗೆ ನಾವಿಟ್ಟ ಹೆಸರು ಉದ್ದ. ಅವನ ಅಮ್ಮನೂ ಹಾಗೆ ಕರೆದಿರಲಿಕ್ಕಿಲ್ಲ, ಅಷ್ಟು ಪ್ರೀತಿಯಿಂದ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ತಲೆ ಎತ್ತಲಿಲ್ಲ. ಬೇಜಾರಾಯಿತೇನೋ.

ಫೆಬ್ರವರಿ 5

ಗ್ರೂಪಿನ ಹೆಸರು 'ಕಂಬಿ ಹಿಡಿದವರು'. ವೇದಿಕೆ ಮುಂದಿನ ಕಬ್ಬಿಣದ ಕಂಬಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲುವ ನಾವು. ಇವತ್ತು ಕಂಬಿ ಬಿಟ್ಟು ಒಬ್ಬರ ಜುಟ್ಟು ಒಬ್ಬರು ಹಿಡಿದಿದ್ದೇವೆ.

ಲಾರಿ ಓಡಿಸುವವನನ್ನು ಲಾರಿ ಎಂದೇ ಕರೆಯುವುದು. ಅವನು ಶುರು ಮಾಡಿದ. "ನಮ್ಮ ಹೆಗಲ ಮೇಲೆ ಹತ್ತಿ ಮೇಲೆ ಬಂದೋರು, ಈಗ ನಮ್ಮನ್ನೇ ದಡದಲ್ಲಿ ಬಿಟ್ಟು ಹೋಗ್ತಾರೆ."

ಹಲ್ಲಿನ ಡಾಕ್ಟ್ರು: "ಅವರಿಗೂ ಹೊಟ್ಟೆ ಇದೆಯಪ್ಪಾ. ಇಷ್ಟು ವರ್ಷ ವ್ಯಾನಲ್ಲಿ ಮುದುರಿಕೊಂಡು ಮಲಗಿದಾರೆ. ಒಂದ್ಸಲ ಹಾಸಿಗೆ ಮೇಲೆ ಮಲಗಲಿ ಬಿಡಿ."

ಲಾರಿ: "ನಿಮಗೇನು ಡಾಕ್ಟ್ರೇ, ಒಂದು ಹಲ್ಲು ಕಿತ್ತರೆ ಒಂದು ಟಿಕೆಟ್ಟು."

ಡಾಕ್ಟ್ರು: "ಒಂದು ಹಲ್ಲಿಗೆ ಸಾಲಲ್ಲ. ಇಡೀ ದವಡೆ ಕೀಳಬೇಕು."

ಡಾಕ್ಟ್ರು ಆಗಲೇ ಕೊಂಡುಬಿಟ್ಟಿದ್ದಾರೆ ಎಂದು ಗೊತ್ತಾಯಿತು. ತಲೆ ಕೆಟ್ಟುಹೋಯಿತು. ಅಂಗಡಿಯ ಹಿಂದೆ ಗಾಜು ಉಜ್ಜುವ ಯಂತ್ರದ ಪಕ್ಕ ನಿಂತು ಗ್ರೂಪಿಗೆ ಒಂದು ದೊಡ್ಡ ಪತ್ರವನ್ನೇ ಬರೆದೆ. ಕೊನೆಯ ಹಾಡಿನ ಕೊನೆಯ ಚರಣ ಯಾವ ರೆಕಾರ್ಡಿನಲ್ಲೂ ಇಲ್ಲ. ಪ್ರತಿ ಸಲ ಅಲ್ಲಿಗೆ ಬಂದಾಗ ವಾದ್ಯ ಎಲ್ಲ ನಿಲ್ಲುತ್ತದೆ, ಉದ್ದ ನಮ್ಮ ಕಡೆ ಮೈಕ್ ತಿರುಗಿಸುತ್ತಾನೆ, ನಾವು ಹಾಡುತ್ತೇವೆ. ಅದು ನಮ್ಮದು. ಹಡಗಿನಲ್ಲಿ ತಿರುಗಿಸಲಿ ನೋಡೋಣ. ದುಡ್ಡಿನ ಜನ, ಒಬ್ಬರ ಬಾಯಿಂದಲೂ ಒಂದು ಪದ ಹೊರಡುವುದಿಲ್ಲ. ಹೋದವರು ಮತ್ತೆ ನಮ್ಮ ಪಕ್ಕ ಬಂದು ಕಂಬಿ ಹಿಡಿಯಬೇಡಿ.

ಹೃದಯದ ಗುರುತುಗಳ ಸುರಿಮಳೆ. ಅಕ್ಕನೂ ಒಂದು ಹಾಕಿದ್ದಾಳೆ. ಎದೆ ಉಬ್ಬಿತು.

ಫೆಬ್ರವರಿ 9, ಭಾನುವಾರ

ಹೇಗೆ ಬರೆಯಲಿ.

ಅಡುಗೆಮನೆಯಲ್ಲಿದ್ದೆ. ಹೊರಗಿನ ಕೋಣೆಯಿಂದ ಮೆಷಿನ್ನಿನ ಸದ್ದು — ಟಕ್, ಟಕ್, ಕಬ್ಬಿಣಕ್ಕೆ ಕಬ್ಬಿಣ. ಸೂಜಿ ಮುರಿದಿದೆ. ನನಗೇ ತಿಳಿಯಿತು. ಅಕ್ಕ ಮಾತ್ರ ತುಳಿಯುತ್ತಲೇ ಇದ್ದಾಳೆ. ಮೆಷಿನ್ ಮಾತಾಡುತ್ತೆ ಕಣೇ, ಎಣ್ಣೆ ಬೇಕಾದರೆ ಗೊಣಗುತ್ತೆ, ದಾರ ಸಿಕ್ಕಿಕೊಂಡರೆ ಕೆಮ್ಮುತ್ತೆ ಎಂದು ನನಗೆ ಹೇಳಿಕೊಟ್ಟವಳು. ಓಡಿದೆ. ಗಿರಾಕಿಯ ಪರದೆ ಬಟ್ಟೆ ಉದ್ದಕ್ಕೂ ಸೀಳಿದೆ.

"ಏನಕ್ಕಾ, ಕಿವಿ ಕೇಳಲ್ವಾ ನಿಂಗೆ?" ಎಂದು ಕಿರುಚಿದೆ.

ನನ್ನ ಬಾಯಿಯನ್ನೇ ನೋಡಿದಳು. "ಕೇಳಲ್ಲ" ಅಂದಳು.

ಸಂಜೆ 7

ಹೋದ ವರ್ಷವೇ ಗೊತ್ತಾಗಿತ್ತಂತೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಹೋಗುತ್ತಿದೆ. ಯಂತ್ರ ಹಾಕಿ ನೋಡಿದ್ದಾಳೆ, ಗದ್ದಲ ಮಾತ್ರ ಹೆಚ್ಚಾಯಿತಂತೆ, ಮಾತು ತಿಳಿಯಲಿಲ್ಲವಂತೆ. ಮೊದಲು ಸಣ್ಣ ದನಿಗಳು ಹೋಗುತ್ತವೆ — ಹಕ್ಕಿ, ಸೀಟಿ, ಹೆಂಗಸರ ಮಾತು. ದಪ್ಪ ದನಿ ಕೊನೆಗೆ. ಅದಕ್ಕೂ ಇನ್ನು ಕೆಲವೇ ತಿಂಗಳು ಎಂದು ಕಿವಿಯ ಡಾಕ್ಟರು ಹೇಳಿದ್ದಾರೆ.

ಒಂದೇ ಮನೆಯಲ್ಲಿದ್ದೇನೆ. ಬೇರೆಯವರ ಕಣ್ಣು ಪರೀಕ್ಷೆ ಮಾಡಿ ಸಂಬಳ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಕುರುಡಿ.

"ಡ್ರಮ್ ಕೇಳುತ್ತೆ" ಅಂದಳು. "ನಿನ್ನ ಬೈಗುಳ ಅರ್ಧ ಕೇಳುತ್ತೆ. ಅದೊಂದು ಲಾಭ."

ನಕ್ಕಳು. ನನಗೆ ನಗಲಾಗಲಿಲ್ಲ.

ಫೆಬ್ರವರಿ 11

ಹಲ್ಲಿನ ಡಾಕ್ಟ್ರು ಅಂಗಡಿಗೇ ಬಂದರು. ಕನ್ನಡಕ ಸಡಿಲವಾಗಿದೆ ಎಂದು ನೆಪ. ತಿರುಪು ಬಿಗಿ ಮಾಡುತ್ತಿದ್ದೆ, ಮುಖ ನೋಡಲಿಲ್ಲ. ಮೆಲ್ಲಗೆ ಹೇಳಿದರು.

ಅವರ ಹೆಂಡತಿಗೆ ಹಡಗು ಎಂದರೆ ವಾಂತಿ. ಇನ್ನೊಂದು ಜಾಗ ಖಾಲಿ ಇತ್ತು. ಅಕ್ಕನನ್ನು ಕರೆದಿದ್ದರು. ಅವಳ ಕಿವಿಯ ವಿಷಯ ಅವರಿಗೆ ಗೊತ್ತಿತ್ತು. ಒಡಹುಟ್ಟಿದವಳಿಗೆ ಗೊತ್ತಿಲ್ಲದ್ದು ಹಲ್ಲಿನ ಡಾಕ್ಟರಿಗೆ ಗೊತ್ತು! ಅಕ್ಕ ಬರುತ್ತೇನೆ ಎಂದಿದ್ದಳಂತೆ. ಹಾಕಿಕೊಂಡು ಹೋಗಲು ಹೊಸ ಜಾಕೆಟ್ಟಿಗೆ ಬಟ್ಟೆಯನ್ನೂ ಕತ್ತರಿಸಿದ್ದಳಂತೆ. ಮಾರನೆಯ ದಿನ ನಾನು ಬರೆದದ್ದು ಓದಿ, ಬೇಡ ಎಂದಳಂತೆ.

"ಈಗ?" ಅಂದೆ.

"ಭಾವಮೈದುನನ ಹೆಸರು ಕೊಟ್ಟಾಯ್ತು. ಇನ್ನು ಬದಲಾಯಿಸಲ್ವಂತೆ. ಕೇಳಿ ನೋಡಿದೆ, ಕಾಲು ಹಿಡಿಯೋದೊಂದು ಬಾಕಿ."

ಮನೆಗೆ ಬಂದು ಅಕ್ಕನ ಮುಂದೆ ಕುಳಿತೆ. ಬಾಯಿ ಬಿಡಿಸಿ ಬಿಡಿಸಿ ಕೇಳಿದೆ. ಯಾಕೆ ಹೋಗಲ್ಲ ಅಂದೆ?

"ನೀನು ಹಾಗೆ ಬರೆದ ಮೇಲೆ ನಾನು ಹೇಗೆ ಹೋಗೋದೇ? ಇವಳು ನನ್ನ ತಂಗಿ ಅಂತ ಎಲ್ಲರ ಹತ್ರ ಹೇಳ್ಕೊಂಡು ಮೆರೆದಿದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜಾಕೆಟ್ಟಿನ ಬಟ್ಟೆ ಕಪಾಟಿನ ಕೆಳಗೆ ಸಿಕ್ಕಿತು. ನೀಲಿ. ತೋಳು ಕತ್ತರಿಸಿ ಹಾಗೇ ಮಡಿಸಿಟ್ಟಿದ್ದಾಳೆ.

ಫೆಬ್ರವರಿ 12

ಹಡಗಿನವರಿಗೆ ಫೋನ್. ಜಾಗ ಭರ್ತಿ. ಸಾಲ ಮಾಡುತ್ತೇನೆ, ನಿಂತುಕೊಂಡೇ ಬರುತ್ತಾಳೆ ಎಂದೆ. ಆ ಕಡೆಯ ಹುಡುಗಿ ತುಂಬಾ ಮರ್ಯಾದೆಯಿಂದ ಫೋನಿಟ್ಟಳು.

ಮಾರ್ಚ್ 2

ಬರೆಯಲು ಮನಸ್ಸೇ ಇರಲಿಲ್ಲ.

ಗ್ರೂಪಿನಿಂದ ಡಾಕ್ಟ್ರನ್ನು ಲಾರಿ ತೆಗೆದು ಹಾಕಿದ. ದ್ರೋಹಿ ಎಂದು. ನಾನು ತಡೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ತಡೆಯಲಿ, ಕಡ್ಡಿ ಗೀರಿದವಳೇ ನಾನು. ಆದರೂ ಆ ಪುಣ್ಯಾತ್ಮ ಅಕ್ಕನಿಗೆ ಬರೆದಿದ್ದಾರೆ — ಹಡಗಿನಲ್ಲಿ ವೈಫೈ ಇದೆ, ಕೊನೆಯ ಹಾಡಿಗೆ ಖಂಡಿತ ಫೋನ್ ಮಾಡುತ್ತೇನೆ, ಬಲಗಿವಿ ಜೋಪಾನ.

ಅಕ್ಕ ಈಗ ಬಲಗಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಾಳೆ. ಉಳಿದದ್ದು ಖರ್ಚಾಗದಿರಲಿ ಎಂದು. ಹಾಗೆಲ್ಲ ಉಳಿಯುವುದಿಲ್ಲ ಅಕ್ಕಾ. ಹೇಳಲಿಲ್ಲ.

ಮಾರ್ಚ್ 16, ಭಾನುವಾರ, ಸಂಜೆ 4

ಈಗ ಬರೆಯದಿದ್ದರೆ ಮುಂದೆಂದೂ ಬರೆಯಲಾರೆ.

ಹಡಗು ಪೂರ್ವದ ಕಡೆ ಎಲ್ಲೋ ದೂರದ ಸಮುದ್ರದಲ್ಲಿ; ನಮಗೆ ಮಧ್ಯಾಹ್ನ, ಅಲ್ಲಿ ರಾತ್ರಿ. ಅಕ್ಕ ತಲೆ ಬಾಚಿಕೊಂಡು ಕುಳಿತಿದ್ದಳು, ನೀಲಿ ಜಾಕೆಟ್ ಹಾಕಿಕೊಂಡು. ನಿನ್ನೆ ಹೊಲಿದು ಮುಗಿಸಿದಳು. ಕಿಟಕಿ ಮುಚ್ಚಿದೆವು. ಫ್ಯಾನ್ ಆರಿಸಿದೆವು. ವಿಡಿಯೋ ಕಾಲ್ ಬಂತು. ಸ್ಪೀಕರ್ ಪೂರ್ತಿ ಜೋರು ಮಾಡಿ ಬಲಗಿವಿಗೆ ಒತ್ತಿಕೊಂಡಳು. ಚಿತ್ರ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಳು. ನಾನು ಪಕ್ಕದಲ್ಲಿ ಅವಳ ಮೊಣಕಾಲಿಗೆ ಒರಗಿ ಕೆಳಗೆ ಕುಳಿತೆ.

"ಡ್ರಮ್" ಅಂದಳು. ಬೆರಳು ಕುಣಿಯುತ್ತಿತ್ತು. "ಉದ್ದನೂ ಕೇಳ್ತಾನೆ ಕಣೇ! ಬಾವಿಯೊಳಗೆ ಬಿದ್ದಿದಾನೆ, ಆದ್ರೂ ಕೇಳ್ತಾನೆ."

ಎಷ್ಟು ಖುಷಿ ಮುಖದಲ್ಲಿ. ನಾನು ಚಿಕ್ಕವಳಿದ್ದಾಗ ಮೊದಲ ಸಲ ಹೆಗಲ ಮೇಲೆ ಕೂರಿಸಿಕೊಂಡು ಕಂಬಿಯವರೆಗೆ ಕರೆದುಕೊಂಡು ಹೋದಳಲ್ಲ, ಅದೇ ಮುಖ.

ಆಮೇಲೆ ವಾದ್ಯ ನಿಂತಿತು. ಕೊನೆಯ ಚರಣ.

ಹಾಡಿದರು. ಹಡಗಿನವರು ಹಾಡಿದರು. ಒಂದು ಪದ ತಪ್ಪಲಿಲ್ಲ. 'ದೀಪ ಆರಿಸಬೇಡ, ಇನ್ನೂ ಬರುವವರಿದ್ದಾರೆ' — ಆ ಸಾಲಿಗೆ ಬಂದಾಗ ಯಾರೋ ಹೆಂಗಸು ಅಳುತ್ತಾ ಹಾಡುತ್ತಿದ್ದದ್ದೂ ಕೇಳಿಸಿತು. ನಮ್ಮ ಹಾಗೇ. ನಮಗಿಂತ ಚೆನ್ನಾಗಿ.

ಅಕ್ಕ ಕಣ್ಣು ತೆರೆದಳು. ಫೋನ್ ಅಲುಗಾಡಿಸಿದಳು. ಮತ್ತೆ ಕಿವಿಗೆ ಒತ್ತಿದಳು, ನೋವಾಗುವಷ್ಟು.

"ಏನೂ ಇಲ್ಲ" ಅಂದಳು. ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. "ಅವರು ಹಾಡ್ತಿಲ್ವಾ, ನಂಗೇ ಕೇಳ್ತಿಲ್ವಾ? ನಿಜ ಹೇಳು. ಅವರಾ, ನನ್ನ ಕಿವಿನಾ?"

ಇದಾ, ಅದಾ. ದಿನವಿಡೀ ನಾನು ಬೇರೆಯವರಿಗೆ ಕೇಳುವ ಪ್ರಶ್ನೆ.

"ಅವರು" ಅಂದೆ. "ಯಾರೂ ಹಾಡ್ತಿಲ್ಲ ಅಕ್ಕಾ. ದುಡ್ಡಿನ ಜನ. ಹಾಡೇ ಗೊತ್ತಿಲ್ಲ ಅವರಿಗೆ."

ಉಸಿರು ಬಿಟ್ಟಳು. ಅಷ್ಟು ದೊಡ್ಡ ಉಸಿರು. "ನೀನು ಹೇಳಿದ್ದೇ ಆಯ್ತು ನೋಡು" ಅಂದಳು. ಆಮೇಲೆ — "ಪಾಪ ಕಣೇ ಉದ್ದ. ಮೈಕ್ ಹಿಡ್ಕೊಂಡು ಸುಮ್ನೆ ನಿಂತಿರ್ತಾನೆ."

ಫೋನನ್ನು ಬಾಯಿಯ ಹತ್ತಿರ ತಂದುಕೊಂಡು ಅವಳೇ ಹಾಡಿದಳು. ಗಂಟಲು ಹರಿದುಕೊಂಡು. ಶ್ರುತಿ ಎಲ್ಲೋ, ಅವಳೆಲ್ಲೋ. ಫೋನಿನೊಳಗಿಂದ ಅಷ್ಟೂ ಜನ ಅವಳ ಜೊತೆ ಹಾಡುತ್ತಿದ್ದರು. ಅವಳಿಗೆ ಗೊತ್ತಿಲ್ಲ. ನಾನೂ ಹಾಡಿದೆ. ಅಳು ಕಾಣಬಾರದೆಂದು ಬಾಯಿ ದೊಡ್ಡದಾಗಿ ತೆರೆದು ಹಾಡಿದೆ.

ರಾತ್ರಿ 9

ಗ್ರೂಪಿನಲ್ಲಿ ಯಾರೋ ವಿಡಿಯೋ ತುಣುಕು ಹಾಕಿದ್ದಾರೆ. 'ಹಡಗಿನವರು ಏನು ಹಾಡಿದ್ರು ರೀ!' ಎಂದು ಕೆಳಗೆ. ಅಕ್ಕ ಇದನ್ನು ಓದಿಬಿಟ್ಟರೆ? ಅವಳು ಬಚ್ಚಲಲ್ಲಿದ್ದಾಗ ಲಾರಿಗೆ ಫೋನ್ ಮಾಡಿದೆ. ಗಾಡಿ ಪಕ್ಕಕ್ಕೆ ನಿಲ್ಲಿಸಿದ. ಎಲ್ಲ ಹೇಳಿದೆ.

"ಥೂ ನನ್ನ ಬಾಯಿಗೆ" ಅಂದ. "ನೀನು ಫೋನಿಡು ತಾಯಿ. ನಾನು ನೋಡ್ಕೋತೀನಿ."

ವಿಡಿಯೋ ಮಾಯ. ಡಾಕ್ಟ್ರನ್ನು ಮತ್ತೆ ಸೇರಿಸಿದ್ದಾನೆ. ಒಂದೊಂದಾಗಿ ಬರತೊಡಗಿದವು. 'ನಾಚಿಕೆಗೇಡು, ಒಬ್ಬರೂ ಬಾಯಿ ಬಿಡಲಿಲ್ಲ.' 'ಉದ್ದನ ಮುಖ ನೋಡಕ್ಕಾಗಲಿಲ್ಲ.' ಹಡಗಿನಿಂದ ಡಾಕ್ಟ್ರು — 'ಹೌದು. ಪಿನ್ ಬಿದ್ದರೂ ಕೇಳೋ ಹಾಗಿತ್ತು. ನಾನೂ ಹಾಡಲಿಲ್ಲ, ಧೈರ್ಯ ಬರಲಿಲ್ಲ.'

ಇಷ್ಟು ದಿನ ಕಿತ್ತಾಡಿದವರು ಒಂದೇ ಸುಳ್ಳಿನ ಕಂಬಿ ಹಿಡಿದು ನಿಂತಿದ್ದಾರೆ. ಮನುಷ್ಯರ ಮೇಲೆ ಪ್ರೀತಿ ಬಂದು ಅತ್ತೆ.

ಮಾರ್ಚ್ 18

ಅಕ್ಕ ಎಲ್ಲ ಓದಿದಳು. ಮುಗುಳ್ನಕ್ಕಳು. "ನಾನು ಹಾಡಿದ್ದು ಚೆನ್ನಾಗಿತ್ತಾ?" ಎಂದು ಕೇಳಿದಳು.

"ಕರ್ಣಕಠೋರ" ಅಂದೆ, ಬಾಯಿ ಬಿಡಿಸಿ. ಬೆನ್ನಿಗೆ ಒಂದು ಗುದ್ದು ಬಿತ್ತು.

ಮಾರ್ಚ್ 30

ಬೆಳಿಗ್ಗೆ ಎದ್ದು ಹತ್ತಿ ತೆಗೆದಳು. ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಅಷ್ಟೇ. ಆಮೇಲೆ ಇಬ್ಬರೂ ತಿಂಡಿ ತಿಂದೆವು.

ದೊಡ್ಡ ಮಾತಿದ್ದರೆ ಈಗ ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಚೂರು ಬಟ್ಟೆಯ ಮೇಲೆ ಬರೆಯುತ್ತೇನೆ. ಓದಿ, ಕೊಡವಿದರೆ ಮಾತು ಹೋಯಿತು. ಮೆಷಿನ್ ಮೇಲೆ ಒಂದು ಕೈ ಇಟ್ಟುಕೊಂಡೇ ಹೊಲಿಯುತ್ತಾಳೆ, ನಡುಕದಲ್ಲಿ ತಿಳಿಯುತ್ತೆ ಎನ್ನುತ್ತಾಳೆ.

ಏಪ್ರಿಲ್ 7, ಸೋಮವಾರ

ಬ್ಯಾಂಡಿನವರೇ ಹಡಗಿನ ಹಾಡುಗಳನ್ನೆಲ್ಲ ನೆಟ್‌ನಲ್ಲಿ ಹಾಕಿದ್ದಾರೆ. ಅದನ್ನು ಲಾರಿ ಹೇಗೆ ಅಳಿಸುತ್ತಾನೆ. ಬೆಳಿಗ್ಗೆ ಅಂಗಡಿಯಲ್ಲಿ ನೋಡಿದೆ. ಯಜಮಾನರಿಗೆ ತಲೆನೋವು ಎಂದು ಹೇಳಿ ಓಡಿ ಬಂದೆ.

ತಡವಾಗಿತ್ತು. ಮೆಷಿನ್ನಿಗೆ ಫೋನ್ ಒರಗಿಸಿಟ್ಟು ನೋಡುತ್ತಾ ಕುಳಿತಿದ್ದಳು. ಸದ್ದು ಪೂರ್ತಿ ಇಳಿಸಿದ್ದಳು. ಇದ್ದರೂ ಏನು. ಪರದೆಯ ತುಂಬ ಮುಖಗಳು, ತೆರೆದ ಬಾಯಿಗಳು. ಮುಗಿದ ಕೂಡಲೇ ಬೆರಳಿನಿಂದ ಹಿಂದಕ್ಕೆ ಎಳೆದಳು, ಮತ್ತೆ ಅಲ್ಲಿಂದಲೇ. ಎಷ್ಟನೆಯ ಸಲವೋ. ಆ ಬಾಯಿಗಳನ್ನೇ ನೋಡಿಕೊಂಡು ಹಾಡುತ್ತಿದ್ದಳು. ಪದಕ್ಕೆ ಪದ ಸರಿಯಾಗಿ ಕೂಡುತ್ತಿತ್ತು.

ಬಾಗಿಲಲ್ಲಿ ನಿಂತು "ಅಕ್ಕಾ" ಎಂದೆ. ಇನ್ನೂ ಜೋರಾಗಿ ಎಂದೆ. ಆಮೇಲೆ ನೆನಪಾಗಿ ಅವಳೆದುರು ಹೋಗಿ ನಿಂತೆ.

ಬೈಯಲಿಲ್ಲ. ಕಣ್ಣು ಒರೆಸಿಕೊಂಡಳು. ಮೇಜಿನ ಮೇಲಿದ್ದ ಚಾಕ್ ತೆಗೆದುಕೊಂಡಳು, ಏನೋ ಬರೆಯುತ್ತಾಳೆ ಅಂದುಕೊಂಡೆ. ಬರೆಯಲಿಲ್ಲ. ಉದ್ದ ನಮ್ಮ ಕಡೆ ಮೈಕ್ ತಿರುಗಿಸುವ ಹಾಗೆ ಅದನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ನಿಧಾನಕ್ಕೆ ಹಾಡು" ಅಂದಳು. "ಬಾಯಿ ಕಾಣಬೇಕು."

ಬಾಯಿ ತೆರೆದೆ. ದೀಪ ಆರಿಸಬೇಡ —