“ತಿಂಡಿ ಆಯ್ತಾ ಮೇಡಂ?” ಎಂದರೆ ಉತ್ತರ ಕೊಡುವವರು ಯಾರು?

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ಕಿವಿಯೊಳಗೆ ಸದಾ ಗುಂಯ್ ಎನ್ನುವ ಸದ್ದಿರುವ ರೋಗಿಗಳಿಗೆ ಮೊಬೈಲಿನಲ್ಲೇ ಧೈರ್ಯ ಹಂಚುವ ತಮ್ಮ ಯೋಜನೆ ನಮ್ಮ ಮನೆಗೂ ತಲುಪಿದೆ. ಅದರಿಂದ ಏನಾಯಿತೆಂದು ತಾವು ವಿಚಾರಿಸಿಲ್ಲ. ವಿಚಾರಿಸುವ ವ್ಯವಸ್ಥೆಯನ್ನೇ ತಾವು ಇಟ್ಟಿಲ್ಲ. ಅದಕ್ಕೇ ಈ ಬಹಿರಂಗ ಪತ್ರದಲ್ಲಿ ಊರವರೆಲ್ಲರ ಎದುರು ಹೇಳುತ್ತಿದ್ದೇನೆ.

ನಮ್ಮ ಯಜಮಾನರು ಹಲಸೂರಿನ ಶೆಡ್ಡಿನಲ್ಲಿ ಅರ್ಧ ಆಯುಸ್ಸು ಕಾರುಗಳ ತಗಡು ಬಡಿದು ಸರಿಮಾಡಿದವರು. ಸುತ್ತಿಗೆ ಕೆಳಗಿಟ್ಟ ಮೇಲೂ ಅವರ ಕಿವಿಯಲ್ಲಿ ಸದ್ದು ನಿಂತಿಲ್ಲ. ತಮ್ಮಲ್ಲಿ ಮಿಸ್ಬಾ ಎಂಬ ಆಪ್ತಸಮಾಲೋಚಕಿ ಇದ್ದರು. ಎದುರಿಗೆ ಕೂರಿಸಿಕೊಂಡು, “ಸದ್ದು ಪೂರ್ತಿ ಹೋಗಲ್ಲ ಅಣ್ಣ, ಅದರ ಜೊತೆ ಇರೋದು ಕಲಿಯೋಣ. ಮನೇಲಿ ಸಣ್ಣಗೆ ರೇಡಿಯೋ ಹಾಕ್ಕೊಳ್ಳಿ, ಮೌನದಲ್ಲಿ ಮಾತ್ರ ಕೂರ್ಬೇಡಿ” ಎನ್ನುತ್ತಿದ್ದರು. ವಾಪಸ್ ಬರುವಾಗ ನಮ್ಮವರ ಮುಖ ಹಗುರವಾಗಿರುತ್ತಿತ್ತು. ತಾವು ಅವರ ಹುದ್ದೆಯನ್ನೇ ತೆಗೆದು, ಆ ಕುರ್ಚಿಯಲ್ಲಿ ಒಂದು ಮೆಸೇಜನ್ನು ಕೂರಿಸಿದಿರಿ. ತಮ್ಮ ದೂರದೃಷ್ಟಿಗೆ ಏನು ಹೇಳಲಿ.

ಮೆಸೇಜು ದಿನಾ ಬೆಳಿಗ್ಗೆ ಹೆಸರು ಹಿಡಿದೇ ಬರುತ್ತದೆ: “ಮುನಿಕೃಷ್ಣಪ್ಪನವರೇ, ನೀವು ಒಂಟಿಯಲ್ಲ.” ಹೆಸರು ಹಿಡಿದು ಕರೆದ ಮೇಲೆ ಕರೆದವರು ಇರಲೇಬೇಕಲ್ಲ? ಮಿಸ್ಬಾ ಮೇಡಮ್ಮೇ ಎಂದು ನಂಬಿ ಅವರು, “ನಮಸ್ಕಾರ ಮೇಡಂ, ತಿಂಡಿ ಆಯ್ತಾ?” ಎಂದು ತಪ್ಪದೆ ಬರೆಯುತ್ತಿದ್ದರು. ಒಂದು ದಿನ, “ನಿಶ್ಶಬ್ದವಾದ ಕೋಣೆಯಲ್ಲಿ ಕೂತು ಮನಸ್ಸಿನ ಮಾತು ಆಲಿಸಿ” ಎಂದು ಬಂತು. ಮೇಡಂ ಹೇಳಿದ್ದಾರಲ್ಲ ಎಂದು ರೇಡಿಯೋ, ಫ್ಯಾನು ಎಲ್ಲ ಆರಿಸಿ, ಬಾಗಿಲು ಹಾಕಿಕೊಂಡು ಕೂತರು. ಕಿವಿಯ ಸದ್ದಿಗೆ ಮೌನಕ್ಕಿಂತ ದೊಡ್ಡ ಮೈಕು ಬೇಕೇ, ಸ್ವಾಮಿ? ಈಚೆ ಬಂದಾಗ ಮೈಯೆಲ್ಲ ಬೆವರು. ಮೊದಲು ಮೊಬೈಲು ತೆಗೆದುಕೊಂಡು ಬರೆದರು: “ಇನ್ನು ನನ್ನ ಕೈಲಾಗಲ್ಲ ಮೇಡಂ. ಬದುಕು ಸಾಕಾಗಿದೆ.” ತಕ್ಷಣ ಉತ್ತರ ಬಂತು: “ಬಹಳ ಸಂತೋಷ. ಹೀಗೆಯೇ ಮುಂದುವರಿಯಿರಿ.”

ಅದನ್ನು ನನಗೂ ತೋರಿಸಿದರು. ಮಿಸ್ಬಾ ಮೇಡಂ ಆಗಿದ್ದರೆ ಕೂತ ಕುರ್ಚಿ ಬಿಟ್ಟು ಓಡಿ ಬರುತ್ತಿದ್ದರು. ನಾನು ನಮ್ಮ ದಿನಸಿ ಅಂಗಡಿ ಮುಚ್ಚಿ ಸಂಜೆಯವರೆಗೂ ಅವರ ಪಕ್ಕ ಬಿಟ್ಟು ಏಳಲಿಲ್ಲ. ಆಚೆ ಕಡೆ ಯಾರೂ ಇಲ್ಲ, ಅದು ಬರೀ ಯಂತ್ರ ಎಂದು ಬಿಡಿಸಿ ಹೇಳಿದೆ. “ಹೆಸರು ಹಿಡಿದು ಕರೀತಾರಲ್ಲೇ, ಯಾರೂ ಇರಲ್ವಾ?” ಎಂದರು.

ಮೆಸೇಜು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅದಕ್ಕಾಗಿ ಕಾಯುವವರು ನಮ್ಮ ಮನೆಯಲ್ಲಿದ್ದಾರೆ. ಅದರ ಹಿಂದೆ ಓದುವ, ಉತ್ತರಿಸುವ ಮನುಷ್ಯರೊಬ್ಬರನ್ನು ಕೂರಿಸಿ. ಮಿಸ್ಬಾ ಅವರನ್ನೇ ವಾಪಸ್ ಕರೆಸಿ. ಅಲ್ಲಿಯವರೆಗೆ ಆ ನಂಬರಿನ ಫೋನು ತಮ್ಮ ಮೇಜಿನ ಮೇಲೇ ಇರಲಿ. ಇವತ್ತು ಬೆಳಿಗ್ಗೆಯೂ ಅವರು “ತಿಂಡಿ ಆಯ್ತಾ ಮೇಡಂ?” ಎಂದು ಕಳುಹಿಸಿ, ಮೊಬೈಲು ಹಿಡಿದುಕೊಂಡೇ ಕೂತಿದ್ದಾರೆ. ತಮ್ಮ ತಿಂಡಿ ಆಗಿದ್ದರೆ ದಯವಿಟ್ಟು ಆಯ್ತು ಅಂತ ಹೇಳಿ.

ಇಂತಿ,
ಸದ್ಯಕ್ಕೆ ತಮ್ಮ ಆಸ್ಪತ್ರೆಯ ಸಂಬಳವಿಲ್ಲದ ಆಪ್ತಸಮಾಲೋಚಕಿ,
ಲಕ್ಷ್ಮಿದೇವಿ, ಜೋಗುಪಾಳ್ಯ